ವಾದಲೇಖನದ ಪೂರ್ವವಿಚಾರ: ಕಟವಪ್ರದ ಒಂದು ಶಾಸನದ ನಿದರ್ಶನ

ಹಸ್ತಪ್ರತಿ, ಶಾಸನಗಳನ್ನು ಆಧರಿಸಿದ ಚಾರಿತ್ರಿಕ ಲೇಖನಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳನ್ನು ಕಾಣುತ್ತೇವೆ. ಇಂಥ ಭಂಡಾರದಲ್ಲಿ ಇಂಥ ಕಟ್ಟು ದೊರೆಯಿತು, ಗರಿಗಳು ಇಷ್ಟು, ಪುಷ್ಪಿಕೆಯ ಒಕ್ಕಣೆ ಹೀಗಿದೆ ಎಂದು ಇರುವುದನ್ನು ಇರುವಂತೆ ನಿವೇದಿಸುವುದು ಮೊದಲನೆಯ ಬಗೆ. ವಿವಾದಕ್ಕೆ ಒಳಗಾದ ಸಂಗತಿಯೊಂದರಲ್ಲಿ ಒಂದು ಪಕ್ಷವನ್ನು ಹಿಡಿದು, ಪ್ರಮಾಣಗಳಿಂದ ಅದನ್ನು ಸ್ಥಾಪಿಸಲು ಹೊರಡುವುದು ಎರಡನೆಯ ಬಗೆ. ಮೊದಲನೆಯದಕ್ಕೆ ಶ್ರದ್ಧೆಯೂ ನಿಷ್ಕೃಷ್ಟತೆಯೂ ಇದ್ದರೆ ಬಹುಮಟ್ಟಿಗೆ ಸಾಕು. ಎರಡನೆಯದಕ್ಕೆ ಇವುಗಳ ಜೊತೆಗೆ, ಲೇಖನಿಯನ್ನು ಕೈಗೆತ್ತಿಕೊಳ್ಳುವ ಮುನ್ನವೇ ನಡೆಯಬೇಕಾದ ಒಂದು ವಿಚಾರವ್ಯಾಪಾರ ಅಗತ್ಯ. ತಾನು ಏನನ್ನು ಸಾಧಿಸಹೊರಟಿದ್ದೇನೆ, ಯಾವ ಹೇತುವಿನಿಂದ, ಯಾರ ಎದುರಿಗೆ ಎಂಬುದನ್ನು ಲೇಖಕನು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಈ ನಿಶ್ಚಯವಿಲ್ಲದೆ ಬರೆದ ಲೇಖನ ಸಾಮಗ್ರಿಯಲ್ಲಿ ಎಷ್ಟೇ ಸಮೃದ್ಧವಾಗಿದ್ದರೂ, ಓದಿ ಮುಗಿಸಿದ ಮೇಲೆ ಅದರಿಂದ ಏನು ಸಿದ್ಧವಾಯಿತೆಂದು ಹೇಳುವುದು ಕಷ್ಟವಾಗುತ್ತದೆ.

ಈ ಶಿಸ್ತಿನ ಪರಿಭಾಷೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ 1129ನೆಯ ಇಸವಿಯ ಮಲ್ಲಿಷೇಣ ಪ್ರಶಸ್ತಿಯನ್ನು ಓದಿದವರಿಗೆ, ನಮ್ಮ ಪ್ರಾಚೀನ ಆಚಾರ್ಯಪರಂಪರೆಯಲ್ಲಿ ವಾದಕ್ಕೆ ಎಂಥ ಸ್ಥಾನವಿತ್ತೆಂಬುದು ತಿಳಿದೇ ಇದೆ. ಸಮಂತಭದ್ರರು ನಾಡುನಾಡುಗಳಲ್ಲಿ ವಾದಭೇರಿಯನ್ನು ಹೊಡೆದುದು, ಪಾತ್ರಕೇಸರಿಗಳು ಪದ್ಮಾವತಿಯ ನೆರವಿನಿಂದ ಬೌದ್ಧರ ತ್ರಿಲಕ್ಷಣವನ್ನು ಖಂಡಿಸಿದುದು, ಅಕಲಂಕರ ವಾದವಿಜಯ ಇವೆಲ್ಲ ಆ ಕಂಬದ ಮೇಲೆ ಸ್ತುತಿಗೊಂಡಿವೆ. ಸ್ತುತಿಯಲ್ಲಿ ಅತಿಶಯೋಕ್ತಿ ಇರುವುದು ಸಹಜ. ಆದರೆ ಈ ವಾದಿಗಳು ಸಭೆಗೆ ಹೋಗುವ ಮುನ್ನ ಯಾವ ಸಿದ್ಧತೆ ಮಾಡಿಕೊಳ್ಳುತ್ತಿದ್ದರೆಂಬುದು ಸ್ತುತಿಯಿಂದಲ್ಲ, ಅವರ ಪರಂಪರೆಯ ನ್ಯಾಯಗ್ರಂಥಗಳಿಂದ ತಿಳಿಯುತ್ತದೆ.

ಮಾಣಿಕ್ಯನಂದಿ ಆಚಾರ್ಯರ ಪರೀಕ್ಷಾಮುಖವು ಆರು ಸಮುದ್ದೇಶಗಳ ಚಿಕ್ಕ ಸೂತ್ರಗ್ರಂಥ. ಪ್ರಭಾಚಂದ್ರರ ಪ್ರಮೇಯಕಮಲಮಾರ್ತಂಡವೆಂಬ ಬೃಹದ್ವ್ಯಾಖ್ಯಾನದಿಂದಾಗಿ ಅದು ಪ್ರಸಿದ್ಧವಾಗಿದೆ. ಅನುಮಾನಕ್ಕೆ ಅಂಗಗಳು ಎಷ್ಟು ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳನ್ನು ನೈಯಾಯಿಕರು ಹೇಳುತ್ತಾರೆ. ಮಾಣಿಕ್ಯನಂದಿಗಳ ಮತದಲ್ಲಿ ವಾದಕ್ಕೆ ಪ್ರತಿಜ್ಞೆ ಮತ್ತು ಹೇತು ಎರಡೇ ಸಾಕು. ಉಳಿದ ಮೂರನ್ನು ಎಳೆಯರಿಗೆ ತಿಳಿಯಹೇಳುವುದಕ್ಕಾಗಿ ಶಾಸ್ತ್ರದಲ್ಲಿ ಒಪ್ಪಬಹುದು, ವಾದದಲ್ಲಿ ಅವುಗಳಿಂದ ಉಪಯೋಗವಿಲ್ಲ. ಇದು ಕೇವಲ ಪರಿಭಾಷೆಯ ಜಗಳವೆಂದು ತೋರಬಹುದು. ಸಂಶೋಧನ ಲೇಖನದ ದೃಷ್ಟಿಯಿಂದ ನೋಡಿದಾಗ ಇದರ ಬೆಲೆ ತಿಳಿಯುತ್ತದೆ. ನಮ್ಮ ಎಷ್ಟೋ ಲೇಖನಗಳಲ್ಲಿ ಉದಾಹರಣೆಗಳು ರಾಶಿಯಾಗಿ ಬಿದ್ದಿರುತ್ತವೆ, ನಿಗಮನವೂ ಗಂಭೀರವಾಗಿಯೇ ಇರುತ್ತದೆ. ಪ್ರತಿಜ್ಞೆ ಯಾವುದು, ಅದಕ್ಕೆ ಹೇತು ಯಾವುದು ಎಂದು ಹುಡುಕಿದರೆ ಮಾತ್ರ ಸಿಕ್ಕುವುದಿಲ್ಲ.

ಹೇತುವಿನ ಲಕ್ಷಣದಲ್ಲಿಯೂ ಜೈನ ತಾರ್ಕಿಕರು ಬಹಳ ಬಿಗಿಯಾಗಿದ್ದಾರೆ. ಬೌದ್ಧರು ಹೇಳುವ ಪಕ್ಷಧರ್ಮತ್ವಾದಿ ಮೂರು ಲಕ್ಷಣಗಳಿದ್ದರೂ ಹೇತು ಹುಸಿಯಾಗಬಹುದು. ಅನ್ಯಥಾನುಪಪತ್ತಿ, ಅಂದರೆ ಸಾಧ್ಯವಿಲ್ಲದ ಕಡೆ ಹೇತುವೂ ಇರಲಾರದೆಂಬ ಸಂಬಂಧ, ಇದ್ದರೆ ಮಾತ್ರ ಅದು ಹೇತುವೆನಿಸುತ್ತದೆ ಎಂಬುದು ಪಾತ್ರಕೇಸರಿಗಳ ನಿಲುವು. ಅವರ ತ್ರಿಲಕ್ಷಣಕದರ್ಥನ ಇಂದು ಉಪಲಬ್ಧವಿಲ್ಲ. ಆದರೆ ಪಾತ್ರಸ್ವಾಮಿಯ ಹೆಸರಿನಲ್ಲಿ ಬೌದ್ಧ ಶಾಂತರಕ್ಷಿತನೇ ತನ್ನ ತತ್ತ್ವಸಂಗ್ರಹದಲ್ಲಿ ಈ ಮತವನ್ನು ಪೂರ್ವಪಕ್ಷವಾಗಿ ಉಳಿಸಿಕೊಟ್ಟಿದ್ದಾನೆ. ಎದುರಾಳಿಯ ಮಾತನ್ನು ಅಷ್ಟು ಪ್ರಾಮಾಣಿಕವಾಗಿ ಬರೆದಿಟ್ಟುದರಿಂದ ಕಳೆದುಹೋದ ಗ್ರಂಥದ ತಿರುಳು ನಮಗೆ ದಕ್ಕಿತು. ಪೂರ್ವಪಕ್ಷವನ್ನು ಹೇಗೆ ಬರೆಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಮಾದರಿ ಬೇಕಿಲ್ಲ.

ಈ ಮಾತುಗಳು ಬರಿಯ ತತ್ತ್ವವಾಗಿ ಉಳಿಯಬಾರದು. ಆದುದರಿಂದ ನಿಜವಾದ ಒಂದು ವಿವಾದವನ್ನೇ ಎತ್ತಿಕೊಂಡು, ಅದರ ಮೇಲೆ ಲೇಖನವೊಂದನ್ನು ಬರೆಯುವವನು ಬರೆಯುವ ಮುನ್ನ ಏನು ಮಾಡಬೇಕಾಗುತ್ತದೆಂಬುದನ್ನು ನೋಡೋಣ. ಮಲ್ಲಿಷೇಣ ಪ್ರಶಸ್ತಿಯಲ್ಲಿಯೇ ಭದ್ರಬಾಹುವಿನ ಹೆಸರೂ ಅವನ ಶಿಷ್ಯ ಚಂದ್ರಗುಪ್ತನ ಹೆಸರೂ ಬರುತ್ತವೆ. ಅದೇ ಬೆಟ್ಟದ ಬಂಡೆಯ ಮೇಲಿರುವ ಇನ್ನೊಂದು ಶಾಸನದಿಂದ ಹುಟ್ಟಿದ ಚರ್ಚೆ ಒಂದು ಶತಮಾನಕ್ಕೂ ಮೀರಿ ನಡೆದಿದೆ.

ಶಾಸನದ ಒಡಲು ಇದು. ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟದಲ್ಲಿ ಮೊದಲ ಸಂಖ್ಯೆಯನ್ನು ಪಡೆದಿರುವ ಈ ಸಂಸ್ಕೃತ ಶಾಸನ ಲಿಪಿಸ್ವರೂಪದಿಂದ ಸುಮಾರು ಕ್ರಿ.ಶ. 600ರದೆಂದು ಎಣಿಸಲ್ಪಟ್ಟಿದೆ. ಮಹಾವೀರರ ಅನಂತರ ಗೌತಮ, ಲೋಹಾರ್ಯ, ಜಂಬು ಮೊದಲಾದ ಗುರುಗಳ ಹೆಸರುಗಳನ್ನು ಅದು ಕ್ರಮವಾಗಿ ಹೇಳುತ್ತದೆ. ಈ ಸಾಲಿನಲ್ಲಿ ಗೋವರ್ಧನನ ಬಳಿಕ ಭದ್ರಬಾಹು ಬರುತ್ತಾನೆ. ಅವನ ಬಳಿಕ ವಿಶಾಖ, ಪ್ರೋಷ್ಠಿಲ ಮೊದಲಾದವರು ಬುದ್ಧಿಲನವರೆಗೆ ಬರುತ್ತಾರೆ. ಇಂಥ ಗುರುಪರಂಪರೆಯಿಂದ ಬೆಳಗಿದ ಅನ್ವಯದ ಭದ್ರಬಾಹುಸ್ವಾಮಿ, ಅಷ್ಟಾಂಗನಿಮಿತ್ತವನ್ನು ಬಲ್ಲವನು, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕಾಲವೈಷಮ್ಯವನ್ನು ಮುಂಗಂಡು ಹೇಳಲು, ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟು ಸಮೃದ್ಧವಾದ ಜನಪದವನ್ನು ಸೇರಿತೆಂದು ಶಾಸನ ಮುಂದುವರಿಯುತ್ತದೆ. ಬಳಿಕ ಕಟವಪ್ರವೆಂಬ ಈ ಬೆಟ್ಟದ ಮೇಲೆ ಒಬ್ಬ ಆಚಾರ್ಯ ಸಂಘವನ್ನು ಬೀಳ್ಕೊಟ್ಟು ಸಮಾಧಿಯನ್ನು ಹೊಂದಿದನೆಂದೂ, ಕಾಲಕ್ರಮದಲ್ಲಿ 700 ಋಷಿಗಳು ಹಾಗೆಯೇ ಮುಡಿಪಿದರೆಂದೂ ಹೇಳಿ ಅದು ಮುಗಿಯುತ್ತದೆ. ಚಂದ್ರಗುಪ್ತನ ಹೆಸರು ಈ ಶಾಸನದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಓದುಗರು ಗಮನದಲ್ಲಿಡಬೇಕು.

1889ರಲ್ಲಿ ಬಿ. ಎಲ್. ರೈಸ್ ಅವರು ಶ್ರವಣಬೆಳ್ಗೊಳದ ಶಾಸನಗಳನ್ನು ಮೊದಲ ಬಾರಿಗೆ ಸಂಪುಟವಾಗಿ ಪ್ರಕಟಿಸಿದಾಗ, ಸಮಾಧಿಯ ಪ್ರಸಂಗದಲ್ಲಿ ಬರುವ ಪ್ರಭಾಚಂದ್ರನೆಂಬ ಹೆಸರನ್ನು ತೃತೀಯಾವಿಭಕ್ತಿಯಲ್ಲಿ ಓದಿ, ಮುಂದಿನ ಅಕ್ಷರಗಳಿಂದ ‘ಜೊತೆಗೆ’ ಎಂಬ ಅರ್ಥವನ್ನು ತೆಗೆದರು. ಆ ಪಾಠದಂತೆ ಮುಡಿಪಿದವನು ಭದ್ರಬಾಹು; ಪ್ರಭಾಚಂದ್ರ ಅವನ ಸಂಗಡಿಗ. ಪ್ರಭಾಚಂದ್ರನೆಂಬುದು ಚಂದ್ರಗುಪ್ತನ ದೀಕ್ಷಾನಾಮ. ಅವನೇ ಮೌರ್ಯ ಚಕ್ರವರ್ತಿ. ಜೆ. ಎಫ್. ಫ್ಲೀಟ್ ಅವರು 1892ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ, ಮುಂದೆ ಎಪಿಗ್ರಾಫಿಯಾ ಇಂಡಿಕದ ನಾಲ್ಕನೆಯ ಸಂಪುಟದಲ್ಲಿ ಇದನ್ನು ಪ್ರತಿಭಟಿಸಿದರು. ಅವರ ಪ್ರಕಾರ ಅಲ್ಲಿರಬೇಕಾದುದು ‘ಪ್ರಭಾಚಂದ್ರನೆಂಬ ಹೆಸರಿನ ಆಚಾರ್ಯ’ ಎಂಬರ್ಥದ ಪ್ರಥಮಾವಿಭಕ್ತಿ. ಮುಡಿಪಿದವನು ಪ್ರಭಾಚಂದ್ರನೇ, ಭದ್ರಬಾಹು ಬೆಳ್ಗೊಳಕ್ಕೆ ಬಂದನೆಂದು ಶಾಸನ ಹೇಳುವುದೇ ಇಲ್ಲ. ಅಷ್ಟೇ ಅಲ್ಲ, ಕ್ಷಾಮವನ್ನು ನುಡಿದ ಭದ್ರಬಾಹು ಗುರುಗಳ ಸಾಲು ಮುಗಿದ ಮೇಲೆ ಬರುವುದರಿಂದ ಅವನು ಶ್ರುತಕೇವಲಿಯಲ್ಲ, ಪಟ್ಟಾವಳಿಯ ಎರಡನೆಯ ಭದ್ರಬಾಹು. ಚಂದ್ರಗುಪ್ತನೆಂದು ಮುಂದಿನವರು ಭಾವಿಸಿದುದು ಅವನ ಶಿಷ್ಯ ಗುಪ್ತಿಗುಪ್ತನನ್ನು.

ಒಂದು ಅಕ್ಷರದ ಓದಿನ ಮೇಲೆ ಎರಡು ಚರಿತ್ರೆಗಳು ನಿಂತಿರುವುದನ್ನು ಹಸ್ತಪ್ರತಿಗಳೊಡನೆ ಒಡನಾಡುವವರಿಗೆ ವಿವರಿಸಬೇಕಾಗಿಲ್ಲ. ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು 1923ರಲ್ಲಿ ಸಂಪುಟವನ್ನು ಪರಿಷ್ಕರಿಸಿದಾಗ, 1889ರ 144 ಶಾಸನಗಳ ಜಾಗದಲ್ಲಿ 500 ಶಾಸನಗಳು ಸೇರಿದವು. ಅವರು ಎರಡೂ ಪಕ್ಷಗಳನ್ನು ತೂಗಿ, ಜೈನ ಐತಿಹ್ಯಕ್ಕೆ ಆಧಾರವಿಲ್ಲದಿಲ್ಲ ಎಂಬ ಎಚ್ಚರದ ನಿರ್ಣಯಕ್ಕೆ ಬಂದರು. 1973ರ ಮೂರನೆಯ ಆವೃತ್ತಿಯಲ್ಲಿ ಶಾಸನಗಳ ಸಂಖ್ಯೆ 573 ಆಯಿತು. (ಮೂರು ಆವೃತ್ತಿಗಳಲ್ಲಿ ಶಾಸನಗಳಿಗೆ ಕೊಟ್ಟ ಕ್ರಮಾಂಕಗಳು ಬೇರೆಬೇರೆ. ಯಾವ ಆವೃತ್ತಿಯೆಂದು ಹೇಳದೆ ಕ್ರಮಾಂಕವನ್ನಷ್ಟೇ ಕೊಡುವ ಲೇಖಕರಿಂದ ಓದುಗರಿಗೆ ಆಗುವ ಕ್ಲೇಶ ಅಲ್ಪವಲ್ಲ.)

ಈಗ ಒಬ್ಬ ಸಂಶೋಧಕ ‘ಭದ್ರಬಾಹು-ಚಂದ್ರಗುಪ್ತರ ಬೆಳ್ಗೊಳದ ಆಗಮನ’ ಎಂಬ ಲೇಖನವನ್ನು ಬರೆಯಲು ಸಂಕಲ್ಪಿಸಿದನೆನ್ನೋಣ. ಈ ಶೀರ್ಷಿಕೆ ಒಂದು ವಿಷಯವನ್ನು ಸೂಚಿಸುತ್ತದೆ, ಪ್ರತಿಜ್ಞೆಯನ್ನಲ್ಲ. ಅವನು ಮಾಡಬೇಕಾದ ಮೊದಲ ಕೆಲಸ ವಿಷಯವನ್ನು ಒಡೆದು ನೋಡುವುದು. ಒಡೆದಾಗ ಇಲ್ಲಿ ಒಂದೇ ಪ್ರಶ್ನೆ ಇಲ್ಲವೆಂಬುದು ಕೂಡಲೇ ಗೊತ್ತಾಗುತ್ತದೆ. ಶಾಸನದ ಪಾಠ ಯಾವುದು? ಆ ಪಾಠದಂತೆ ಕಟವಪ್ರದಲ್ಲಿ ಮುಡಿಪಿದವನು ಯಾರು? ಕ್ಷಾಮವನ್ನು ನುಡಿದ ಭದ್ರಬಾಹು ಶ್ರುತಕೇವಲಿಯೋ ಬೇರೊಬ್ಬನೋ? ಅವನೊಡನೆ ಚಂದ್ರಗುಪ್ತನೆಂಬ ಮುನಿ ಇದ್ದನೆ? ಇದ್ದರೆ, ಆ ಮುನಿ ಮೌರ್ಯ ಸಾಮ್ರಾಟನೆ? ಇವು ಐದು ಬೇರೆ ಪ್ರಶ್ನೆಗಳು. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದನ್ನು ತಾನಾಗಿ ಸಾಧಿಸುವುದಿಲ್ಲ. ಮೊದಲನೆಯದು ಲಿಪಿಶಾಸ್ತ್ರದ ಪ್ರಶ್ನೆ, ಕೊನೆಯದು ಕಾಲಗಣನೆಯ ಪ್ರಶ್ನೆ. ಈ ವಿವಾದದ ಬಹುಪಾಲು ಬರಹಗಳಲ್ಲಿ ಕಾಣುವ ತೊಡಕು, ನಾಲ್ಕನೆಯ ಪ್ರಶ್ನೆಗೆ ಸಲ್ಲುವ ಪ್ರಮಾಣವನ್ನು ಐದನೆಯದಕ್ಕೆ ಬಳಸಿಕೊಳ್ಳುವುದರಿಂದ ಹುಟ್ಟಿದುದೆಂದು ನನ್ನ ಅಭಿಪ್ರಾಯ.

ಪ್ರಶ್ನೆಗಳನ್ನು ಒಡೆದ ಮೇಲೆ ಸಾಕ್ಷಿಗಳನ್ನು ಕಾಲಕ್ರಮದಲ್ಲಿ ಸಾಲಾಗಿ ನಿಲ್ಲಿಸಬೇಕು. ಇದನ್ನು ಮನಸ್ಸಿನಲ್ಲಿ ಮಾಡಿದರೆ ಸಾಲದು, ಕಾಗದದ ಮೇಲೆಯೇ ಮಾಡಬೇಕು. ಕ್ರಿ.ಶ. ಸುಮಾರು 600ರ ಶಾಸನವನ್ನು ಈಗಾಗಲೇ ನೋಡಿದೆವು. ಸುಮಾರು 650ರ ಇನ್ನೊಂದು ಶಾಸನ ಅದೇ ಬೆಟ್ಟದ ಮೇಲಿದೆ. ಭದ್ರಬಾಹು ಮತ್ತು ಚಂದ್ರಗುಪ್ತ ಮುನೀಂದ್ರ ಎಂಬ ಜೋಡಿಯಿಂದ ಏಳಿಗೆ ಹೊಂದಿದ ಧರ್ಮ ಕುಗ್ಗಿದಾಗ ಶಾಂತಿಸೇನಮುನಿ ಅದನ್ನು ಮತ್ತೆ ಎತ್ತಿಹಿಡಿದನೆಂದು ಕನ್ನಡದಲ್ಲಿ ಹೇಳುತ್ತದೆ. ಶ್ರೀರಂಗಪಟ್ಟಣದ ಕಡೆಯ ಸುಮಾರು 900ರ ಎರಡು ಶಾಸನಗಳು ಕಳ್ಬಪ್ಪು ಬೆಟ್ಟದ ನೆತ್ತಿಯಲ್ಲಿ ಇವರಿಬ್ಬರ ಪಾದಮುದ್ರೆಗಳಿದ್ದುದನ್ನು ತಿಳಿಸುತ್ತವೆ. 931ರ ಹರಿಷೇಣನ ಬೃಹತ್ಕಥಾಕೋಶ ಕಥೆಯನ್ನು ವಿಸ್ತಾರವಾಗಿ ಹೇಳುತ್ತದೆ. ಸಾಮಾನ್ಯವಾಗಿ ಹತ್ತನೆಯ ಶತಮಾನದ ಆಸುಪಾಸಿನದೆಂದು ಎಣಿಸುವ ವಡ್ಡಾರಾಧನೆಯಲ್ಲಿಯೂ ಅದು ಇದೆ. ಮುಂದೆ 1129, 1163, 1432ರ ಶಾಸನಗಳು, ರತ್ನನಂದಿಯ ಭದ್ರಬಾಹುಚರಿತ, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ದೇವಚಂದ್ರನ ರಾಜಾವಳೀಕಥೆ ಬರುತ್ತವೆ.

ಸಾಲು ಉದ್ದವಾಗಿದೆ. ಆದರೆ ಸಾಕ್ಷಿಗಳ ಸಂಖ್ಯೆ ಅಷ್ಟೇ ಉದ್ದವಲ್ಲ. ಗ್ರಂಥಸಂಪಾದಕರು ಹತ್ತು ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದು ಬಂದಿದ್ದರೆ ಅವನ್ನು ಹತ್ತು ಸಾಕ್ಷಿಗಳೆಂದು ಎಣಿಸುವುದಿಲ್ಲ. ಪಾಠನಿರ್ಣಯದಲ್ಲಿ ಅವೆಲ್ಲ ಸೇರಿ ಒಂದೇ. ಇದೇ ನ್ಯಾಯವನ್ನು ಐತಿಹ್ಯಕ್ಕೂ ಅನ್ವಯಿಸಬೇಕು. ಬೆಳ್ಗೊಳದಲ್ಲಿಯೇ ಕೆತ್ತಿದ ಹನ್ನೆರಡನೆಯ ಶತಮಾನದ ಶಾಸನ, ಅಲ್ಲಿಯ ಏಳನೆಯ ಶತಮಾನದ ಸ್ಮೃತಿಯನ್ನು ಕೇಳಿ ಬರೆದುದಾಗಿರುವುದು ಬಹಳ ಸಂಭಾವ್ಯ. ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ದಾಸೋಜನ ಹೆಸರಿರುವ ಶಿಲ್ಪಪಟ್ಟಿಕೆಗಳು ಗುರುಶಿಷ್ಯರ ಕಥೆಯನ್ನು ಅತ್ಯಂತ ಮನೋಹರವಾಗಿ ನಿರೂಪಿಸುತ್ತವೆ. ಅವುಗಳ ಸೊಗಸು ಅವುಗಳ ಪ್ರಾಮಾಣ್ಯವನ್ನು ಹೆಚ್ಚಿಸುವುದಿಲ್ಲ.

ಪರಸ್ಪರ ಭಿನ್ನವಾಗಿರುವ ಸಾಕ್ಷಿಗಳಿಂದಲೇ ನಮಗೆ ಹೆಚ್ಚು ಪ್ರಯೋಜನ. ಹರಿಷೇಣನ ಕಥೆಯಲ್ಲಿ ಭದ್ರಬಾಹು ದಕ್ಷಿಣಕ್ಕೆ ಬರುವುದೇ ಇಲ್ಲ. ಉಜ್ಜಯಿನಿಯ ಬಳಿಯ ಭಾದ್ರಪದವೆಂಬ ಎಡೆಯಲ್ಲಿ ಅವನು ಸಮಾಧಿ ಹೊಂದುತ್ತಾನೆ. ದೀಕ್ಷೆಗೊಂಡು ವಿಶಾಖಾಚಾರ್ಯನೆನಿಸಿದ ಚಂದ್ರಗುಪ್ತ ಸಂಘವನ್ನು ಪುನ್ನಾಟಕ್ಕೆ ಕರೆತರುತ್ತಾನೆ. ವಡ್ಡಾರಾಧನೆಯಲ್ಲಿ ಭದ್ರಬಾಹು ಕಳ್ಬಪ್ಪಿಗೆ ಬರುತ್ತಾನೆ. ಆದರೆ ಅವನ ಶಿಷ್ಯನಾದ ಚಂದ್ರಗುಪ್ತ ಮೌರ್ಯವಂಶದ ಸ್ಥಾಪಕನಲ್ಲ, ಅಶೋಕನ ಮಗನಾದ ಕುಣಾಲನ ಮಗ, ಸಂಪ್ರತಿ ಚಂದ್ರಗುಪ್ತ. ರಾಜಾವಳೀಕಥೆಯೂ ಕುಣಾಲನ ಮಗನನ್ನೇ ಹೇಳುತ್ತದೆ. ‘ಕನ್ನಡ ಐತಿಹ್ಯವೆಲ್ಲ ಮೌರ್ಯ ಸಾಮ್ರಾಟನ ಆಗಮನವನ್ನು ಏಕಕಂಠದಿಂದ ಹೇಳುತ್ತದೆ’ ಎಂದು ಬರೆಯುವವರು ವಡ್ಡಾರಾಧನೆಯ ಆ ಕಥೆಯನ್ನು ತೆರೆದು ನೋಡಿಲ್ಲವೆಂದೇ ಹೇಳಬೇಕಾಗುತ್ತದೆ. ಕಣ್ಣಮುಂದೆ ಇರುವ ಗ್ರಂಥವನ್ನು ಕೈಬಿಟ್ಟು ಐತಿಹ್ಯದ ಹೆಸರಿನಲ್ಲಿ ವಾದಿಸುವುದು ಐತಿಹ್ಯಕ್ಕೆ ಮಾಡಿದ ಗೌರವವಾಗುವುದಿಲ್ಲ.

ಇಲ್ಲಿ ಹೇತ್ವಾಭಾಸಗಳ ಪ್ರಕರಣ ನಮ್ಮ ನೆರವಿಗೆ ಬರುತ್ತದೆ. ಪರೀಕ್ಷಾಮುಖ ಅಸಿದ್ಧ, ವಿರುದ್ಧ, ಅನೈಕಾಂತಿಕ, ಅಕಿಂಚಿತ್ಕರ ಎಂದು ನಾಲ್ಕನ್ನು ಎಣಿಸುತ್ತದೆ. ಹೇತುವೇ ಸಿದ್ಧವಾಗಿಲ್ಲದಿದ್ದರೆ ಅಸಿದ್ಧ. ಪ್ರಭಾಚಂದ್ರನೆಂಬ ಪದದ ವಿಭಕ್ತಿ ನಿರ್ಣಯವಾಗುವ ತನಕ, ಅದನ್ನು ಆಧರಿಸಿ ‘ಭದ್ರಬಾಹು ಇಲ್ಲಿ ಮುಡಿಪಿದ’ ಎನ್ನುವುದು ಈ ಬಗೆಯದು. ತೋರಿಸಿದ ಹೇತು ಬೇರೆ ಕಡೆಗಳಲ್ಲಿಯೂ ಸಲ್ಲುವಂತಿದ್ದರೆ ಅನೈಕಾಂತಿಕ. ಜೈನ ಆಚಾರ್ಯರ ಚರಿತ್ರೆಯಲ್ಲಿ ಇದಕ್ಕೆ ಬರಗಾಲವಿಲ್ಲ. ಪ್ರಭಾಚಂದ್ರ, ಪದ್ಮನಂದಿ, ಮಾಘನಂದಿ, ಶುಭಚಂದ್ರ ಎಂಬ ಹೆಸರುಗಳು ಶತಮಾನ ಶತಮಾನಗಳಲ್ಲಿ ಮರುಕಳಿಸುತ್ತವೆ. ನಾಮಸಾಮ್ಯವೊಂದರಿಂದಲೇ ವ್ಯಕ್ತಿಯೈಕ್ಯವನ್ನು ಸಾಧಿಸಲಾಗದು. ಶಾಸನದ ಪ್ರಭಾಚಂದ್ರನೇ ಚಂದ್ರಗುಪ್ತನೆಂಬುದಕ್ಕಾಗಲಿ, ಫ್ಲೀಟ್ ಅವರ ಗುಪ್ತಿಗುಪ್ತ ಚಂದ್ರಗುಪ್ತನಾದನೆಂಬುದಕ್ಕಾಗಲಿ ಹೆಸರಿನ ಹೋಲಿಕೆಯಾಚೆಗೆ ಆಧಾರ ಕಡಮೆ. ಆಗಲೇ ಸಿದ್ಧವಾದುದನ್ನು ಮತ್ತೆ ಸಾಧಿಸಹೊರಡುವ ಹೇತು ಅಕಿಂಚಿತ್ಕರ. ಏಳನೆಯ ಶತಮಾನದಲ್ಲಿಯೇ ಗುರುಶಿಷ್ಯರ ಹೆಸರುಗಳು ಜೋಡಿಯಾಗಿ ಬೆಳ್ಗೊಳದಲ್ಲಿ ನೆಲೆಗೊಂಡಿದ್ದುವೆಂಬುದು ಸಿದ್ಧವಾಗಿರಲು, ಅದನ್ನು ಸ್ಥಿರಪಡಿಸಲು 1432ರ ಶಾಸನವನ್ನು ಪುಟಗಟ್ಟಲೆ ಉದ್ಧರಿಸುವುದರಿಂದ ಏನೂ ಆಗುವುದಿಲ್ಲ. ವಿರುದ್ಧವೆಂಬುದು ಸಾಧ್ಯಕ್ಕೆ ಎದುರಾದುದನ್ನೇ ಸಾಧಿಸುವ ಹೇತು. ಮೌರ್ಯಸ್ಥಾಪಕನ ಪರವಾಗಿ ವಡ್ಡಾರಾಧನೆಯನ್ನು ಸಾಕ್ಷಿಗೆ ಕರೆಯುವವರಿಗೆ ಒದಗುವ ಗತಿ ಇದು.

ನಾನೇ ಈ ದೋಷಕ್ಕೆ ಒಳಗಾದುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಹಿಂದೆ ಒಂದು ಓಲೆಕಟ್ಟಿನ ಪುಷ್ಪಿಕೆಯಲ್ಲಿ ಸಂವತ್ಸರದ ಹೆಸರು ಮಾತ್ರವಿದ್ದು ಶಕವರ್ಷವಿರಲಿಲ್ಲ. ಲಿಪಿ ಹಳೆಯದಾಗಿ ಕಂಡಿತೆಂಬ ಒಂದೇ ಕಾರಣದಿಂದ ಹಿಂದಿನ ಆವರ್ತಕ್ಕೆ ಅದನ್ನು ಸೇರಿಸಿ, ಆ ಕಾಲದ ಮೇಲೆ ಇಡಿಯ ಲೇಖನವನ್ನು ಕಟ್ಟಿದ್ದೆ. ಸಂವತ್ಸರದ ಹೆಸರು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆಂಬುದು ಹಳ್ಳಿಯ ಪಂಚಾಂಗದವರಿಗೂ ಗೊತ್ತು. ಪುಷ್ಪಿಕೆಯಲ್ಲಿಯೇ ಇದ್ದ ತಿಥಿವಾರಗಳನ್ನು ಲೆಕ್ಕ ಹಾಕಿ ನೋಡಿದ ಮಿತ್ರರೊಬ್ಬರು, ಅವು ನಾನು ಹೇಳಿದ ವರ್ಷಕ್ಕೆ ಕೂಡುವುದಿಲ್ಲ, ಮುಂದಿನ ಆವರ್ತಕ್ಕೆ ಕೂಡುತ್ತವೆ ಎಂದು ತೋರಿಸಿಕೊಟ್ಟರು. ಗರಿಯನ್ನು ಪ್ರತಿಮಾಡಿಕೊಂಡ ದಿನವೇ ‘ಈ ಹೇತು ಬೇರೆಡೆಯಲ್ಲಿಯೂ ಸಲ್ಲುತ್ತದೆಯೆ?’ ಎಂದು ಒಂದು ಸಾಲು ಬರೆದುಕೊಂಡಿದ್ದರೆ ಒಂದು ವರ್ಷದ ಶ್ರಮ ಉಳಿಯುತ್ತಿತ್ತು.

ಮತ್ತೆ ಕಟವಪ್ರಕ್ಕೆ ಬರೋಣ. ಐದನೆಯ ಪ್ರಶ್ನೆಯ ಪರವಾಗಿ ಹೇಳಲಾದ ವಾದಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು ವಿನ್ಸೆಂಟ್ ಸ್ಮಿತ್ ಅವರದು. ಮೊದಲು ಈ ಐತಿಹ್ಯವನ್ನು ನಿರಾಕರಿಸಿದ್ದ ಅವರು ತಮ್ಮ ಪ್ರಾಚೀನ ಭಾರತದ ಚರಿತ್ರೆಯ ಮುಂದಿನ ಆವೃತ್ತಿಯಲ್ಲಿ ಅದರ ಕಡೆಗೆ ಒಲಿದರು. ಚಂದ್ರಗುಪ್ತನ ಆಳ್ವಿಕೆ ಹೇಗೆ ಕೊನೆಗೊಂಡಿತೆಂಬುದಕ್ಕೆ ಜೈನರ ಹೇಳಿಕೆಯನ್ನು ಬಿಟ್ಟರೆ ಬೇರೆ ಹೇಳಿಕೆ ಇಲ್ಲವೆಂಬುದು ಅವರ ಮುಖ್ಯ ಕಾರಣ. ಈ ವಾದ ಮೇಲುನೋಟಕ್ಕೆ ಅನ್ಯಥಾನುಪಪತ್ತಿಯಂತೆಯೇ ಕಾಣುತ್ತದೆ. ಆದುದರಿಂದಲೇ ನಮ್ಮವರನ್ನು ಬಹಳವಾಗಿ ಸೆಳೆದಿದೆ. ಬೇರೊಂದು ವೃತ್ತಾಂತ ಉಪಲಬ್ಧವಿಲ್ಲ ಎಂಬುದು ಒಂದು ಮಾತು, ಬೇರೆ ರೀತಿಯಲ್ಲಿ ನಡೆದಿರಲು ಸಾಧ್ಯವಿಲ್ಲ ಎಂಬುದು ಇನ್ನೊಂದು ಮಾತು. ಪಾತ್ರಕೇಸರಿಗಳು ಕೇಳಿದುದು ಎರಡನೆಯದನ್ನು. ಕ್ರಿ.ಪೂ. ಮೂರನೆಯ ಶತಮಾನದ ಘಟನೆಗಳಲ್ಲಿ ನಮಗೆ ವೃತ್ತಾಂತವೇ ದೊರೆಯದವು ಎಷ್ಟಿಲ್ಲ? ದಾಖಲೆಯ ಮೌನವನ್ನು ಹೇತುವಾಗಿ ಬಳಸುವವನು ಆ ದಾಖಲೆ ಮಾತನಾಡಲೇಬೇಕಾಗಿತ್ತೆಂದು ಮೊದಲು ತೋರಿಸಬೇಕಾಗುತ್ತದೆ.

ಕಾಲಗಣನೆಯ ವಾದವೂ ಇದೇ ರೀತಿ ಪರೀಕ್ಷೆಗೆ ಅರ್ಹ. ದಿಗಂಬರರ ಎಣಿಕೆಯಂತೆ ಭದ್ರಬಾಹು ಶ್ರುತಕೇವಲಿಯ ಕಾಲ ವೀರನಿರ್ವಾಣದಿಂದ 162ನೆಯ ವರ್ಷಕ್ಕೆ, ಶ್ವೇತಾಂಬರರಂತೆ 170ನೆಯ ವರ್ಷಕ್ಕೆ ಮುಗಿಯುತ್ತದೆ. ನಿರ್ವಾಣವನ್ನು ಸಾಂಪ್ರದಾಯಿಕವಾದ ಕ್ರಿ.ಪೂ. 527ಕ್ಕೆ ಇಟ್ಟರೆ ಇವು ಕ್ರಮವಾಗಿ ಕ್ರಿ.ಪೂ. 365 ಮತ್ತು 357 ಆಗುತ್ತವೆ. ಚಂದ್ರಗುಪ್ತ ಮೌರ್ಯ ಪಟ್ಟವೇರಿದುದು ಸುಮಾರು ಕ್ರಿ.ಪೂ. 321. ನಡುವೆ ಸುಮಾರು ನಾಲ್ಕು ದಶಕಗಳ ಕಂದರ. ಇದನ್ನು ದಾಟಲು ಹಲವರು ನಿರ್ವಾಣವನ್ನು ಕ್ರಿ.ಪೂ. 467ಕ್ಕೆ ಇಳಿಸುತ್ತಾರೆ, ಆಗ 170ನೆಯ ವರ್ಷ ಕ್ರಿ.ಪೂ. 297ಕ್ಕೆ ಬಂದು, ಚಂದ್ರಗುಪ್ತನ ಆಳ್ವಿಕೆಯ ಅಂತ್ಯಕ್ಕೆ ಅಚ್ಚರಿಯೆನಿಸುವಷ್ಟು ಚೆನ್ನಾಗಿ ಹೊಂದುತ್ತದೆ. ಆದರೆ 467 ಎಲ್ಲಿಂದ ಬಂದಿತು? ಹೇಮಚಂದ್ರಾಚಾರ್ಯರ ಪರಿಶಿಷ್ಟಪರ್ವದಲ್ಲಿ ಚಂದ್ರಗುಪ್ತ ರಾಜನಾದುದು ನಿರ್ವಾಣದಿಂದ 155ನೆಯ ವರ್ಷದಲ್ಲಿ ಎಂದಿದೆ. ಅವನ ಪಟ್ಟಾಭಿಷೇಕವನ್ನು ಕ್ರಿ.ಪೂ. 312ಕ್ಕೆ ಇಟ್ಟು, ಅದಕ್ಕೆ ಈ 155ನ್ನು ಕೂಡಿಸಿ ಯಾಕೋಬಿ ಮೊದಲಾದವರು 467ನ್ನು ಪಡೆದರು. ಚಂದ್ರಗುಪ್ತನಿಂದ ಲೆಕ್ಕ ಹಾಕಿ ಪಡೆದ ವರ್ಷದಿಂದಲೇ ಅವನ ಸಮಕಾಲೀನತ್ವವನ್ನು ಸಾಧಿಸಹೊರಟರೆ ಅನ್ಯೋನ್ಯಾಶ್ರಯ ದೋಷ ತಪ್ಪದು. ನಿಜವಾಗಿ ಇಲ್ಲಿ ಕೆಲಸ ಮಾಡುತ್ತಿರುವ ಹೇತು ಹೇಮಚಂದ್ರರ 155 ಮತ್ತು 170 ಎಂಬ ಎರಡು ಅಂಕೆಗಳು ಮಾತ್ರ. ಅವರ ಪ್ರಕಾರ ಗುರುವೂ ರಾಜನೂ ಹದಿನೈದು ವರ್ಷ ಸಮಕಾಲೀನರು. ಚಂದ್ರಗುಪ್ತ ಸಮಾಧಿಮರಣ ಹೊಂದಿದನೆಂದೂ ಅವರು ಹೇಳುತ್ತಾರೆ. ಭದ್ರಬಾಹುವಿಗೂ ಅವನಿಗೂ ಸಂಬಂಧವನ್ನು ಮಾತ್ರ ಅವರು ಕಲ್ಪಿಸುವುದಿಲ್ಲ, ದಕ್ಷಿಣದ ಮಾತನ್ನೂ ಎತ್ತುವುದಿಲ್ಲ. ದಿಗಂಬರ ಪಕ್ಷದಲ್ಲಿ, ಜಿನದೀಕ್ಷೆ ಹೊಂದಿದ ಮಕುಟಧರರಲ್ಲಿ ಚಂದ್ರಗುಪ್ತನೇ ಕೊನೆಯವನೆಂಬ ತಿಲೋಯಪಣ್ಣತ್ತಿಯ ಹೇಳಿಕೆಗೆ ಈ ಸಂದರ್ಭದಲ್ಲಿ ತೂಕ ಹೆಚ್ಚು. ಅದಕ್ಕೂ ಬೆಳ್ಗೊಳದ ಗೊಡವೆ ಇಲ್ಲವಾದುದರಿಂದ ಅದನ್ನು ಸ್ವತಂತ್ರ ಸಾಕ್ಷಿಯೆಂದು ಪರಿಗಣಿಸಬಹುದು.

ಇನ್ನು ಪೂರ್ವಪಕ್ಷ. ಫ್ಲೀಟ್ ಅವರನ್ನು ಜೈನ ಐತಿಹ್ಯದ ವಿರೋಧಿಯೆಂದು ಎರಡು ಸಾಲಿನಲ್ಲಿ ತಳ್ಳಿಹಾಕಿದ ಲೇಖನಗಳನ್ನು ಓದಿದ್ದೇನೆ. ಅವರ ವಾದದ ಬಲವಾದ ಅಂಗವನ್ನು ಅಂಥ ಲೇಖನಗಳು ಮುಟ್ಟುವುದೇ ಇಲ್ಲ. ಗುರುಗಳ ಸಾಲಿನಲ್ಲಿ ಒಮ್ಮೆ ಬಂದ ಭದ್ರಬಾಹು, ಏಳೆಂಟು ಹೆಸರುಗಳಾದ ಮೇಲೆ ಮತ್ತೆ ಏಕೆ ಬರುತ್ತಾನೆ? ಆ ಪರಂಪರೆಯಿಂದ ಬೆಳಗಿದ ಅನ್ವಯದವನೆಂಬ ವಿಶೇಷಣ, ಪರಂಪರೆ ಅವನಿಗಿಂತ ಹಿಂದಿನದೆಂದು ಸೂಚಿಸುವುದಿಲ್ಲವೆ? ಇದು ಶಾಸನದ ಒಳಗಿನಿಂದಲೇ ಎದ್ದ ಶಂಕೆ. ಇದಕ್ಕೆ ಉತ್ತರವೂ ಒಳಗಿನಿಂದಲೇ ಬರಬೇಕು. ಕವಿ ಮೊದಲು ಸಂಘದ ಪೂರ್ಣ ವಂಶಾವಳಿಯನ್ನು ಹೇಳಿ, ಅನಂತರ ಅದರಲ್ಲಿ ಒಬ್ಬನ ಕಥೆಗೆ ಮರಳಿದನೆಂದು ಸಮಾಧಾನ ಹೇಳಬಹುದು. ನಿಮಿತ್ತಜ್ಞಾನವೂ ದ್ವಾದಶವರ್ಷದ ಕ್ಷಾಮವೂ ಇತರತ್ರ ಶ್ರುತಕೇವಲಿಗೇ ಸೇರಿವೆಯೆಂದು ಅದಕ್ಕೆ ಬೆಂಬಲ ಕೊಡಬಹುದು. ಈ ಸಮಾಧಾನ ಸಾಕಷ್ಟಾಗಿದೆಯೆ ಎಂಬುದರಲ್ಲಿ ನನಗೆ ಪೂರ್ತಿ ತೃಪ್ತಿಯಿಲ್ಲ. ಫ್ಲೀಟ್ ಅವರ ದುರ್ಬಲ ಭಾಗ ಬೇರೆಡೆಯಲ್ಲಿದೆ. ಗುಪ್ತಿಗುಪ್ತನ ಹೆಸರಿಗೆ ಅವರು ನಂಬಿದ ಪಟ್ಟಾವಳಿ ಬಹಳ ಈಚಿನ ಸಂಕಲನ. ಐತಿಹ್ಯವನ್ನು ಅರ್ವಾಚೀನವೆಂದು ಶಂಕಿಸಿದ ವಿದ್ವಾಂಸರು ಅದಕ್ಕಿಂತಲೂ ಅರ್ವಾಚೀನವಾದ ಪಟ್ಟಿಯೊಂದರಿಂದ ಅದನ್ನು ತಿದ್ದಹೊರಟರು. ಅದಲ್ಲದೆ, ಚಂದ್ರಗುಪ್ತ ಮುನೀಂದ್ರನ ಹೆಸರನ್ನು ಸ್ಪಷ್ಟವಾಗಿ ಹೇಳುವ 650ರ ಶಾಸನ ಬೆಟ್ಟದ ಮೇಲೆಯೇ ಇರುವಾಗ, ಹೆಸರು ಮುಂದಿನವರ ಗೊಂದಲದಿಂದ ಹುಟ್ಟಿತೆನ್ನುವುದಕ್ಕೆ ಉಳಿಯುವ ಅವಕಾಶ ಅರ್ಧ ಶತಮಾನದಷ್ಟು.

ಇಷ್ಟನ್ನು ಮುಂದಿಟ್ಟುಕೊಂಡು ಪ್ರತಿಜ್ಞೆಯನ್ನು ಬರೆಯಬೇಕು, ಒಂದೇ ವಾಕ್ಯದಲ್ಲಿ. ಒಂದು ವಾಕ್ಯಕ್ಕೆ ಅದು ಒಗ್ಗದಿದ್ದರೆ ಎರಡು ಲೇಖನಗಳು ಒಂದರೊಳಗೆ ಸಿಕ್ಕಿಕೊಂಡಿವೆಯೆಂದು ತಿಳಿಯಬೇಕು. ‘ಚಂದ್ರಗುಪ್ತ ಮೌರ್ಯ ಶ್ರವಣಬೆಳ್ಗೊಳಕ್ಕೆ ಬಂದನು’ ಎಂಬ ಪ್ರತಿಜ್ಞೆಗೆ ಬೇಕಾದ ಹೇತು ಮೇಲಿನ ಸಾಲಿನಲ್ಲಿ ನನಗೆ ಕಾಣಲಿಲ್ಲ. ಬರಲಿಲ್ಲವೆಂಬುದಕ್ಕೂ ಕಾಣಲಿಲ್ಲ. ‘ಏಳನೆಯ ಶತಮಾನದ ಮಧ್ಯದ ಹೊತ್ತಿಗೆ ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಜೋಡಿಸ್ಮೃತಿ ಕಟವಪ್ರದಲ್ಲಿ ನೆಲೆಗೊಂಡಿತ್ತು’ ಎಂಬುದು ಸಾಧಿಸಬಹುದಾದ ಪ್ರತಿಜ್ಞೆ. ‘ಹತ್ತನೆಯ ಶತಮಾನದಲ್ಲಿ ಈ ಚಂದ್ರಗುಪ್ತ ಯಾರೆಂಬುದರ ಬಗೆಗೆ ಜೈನ ಕಥಾಕಾರರಲ್ಲಿಯೇ ಏಕಮತವಿರಲಿಲ್ಲ’ ಎಂಬುದೂ ಹಾಗೆಯೇ. ಇವು ಮೊದಲನೆಯದರಷ್ಟು ಉತ್ಸಾಹವನ್ನು ಹುಟ್ಟಿಸದಿರಬಹುದು. ಶ್ರದ್ಧಾವಂತರಾದ ಓದುಗರಲ್ಲಿ ಕೆಲವರಿಗೆ ನೋವೂ ಆಗಬಹುದೆಂದು ಬಲ್ಲೆ. ಆದರೆ ಬೆಟ್ಟವನ್ನೇರಿ ಆ ಪಾದಗಳಿಗೆ ನಮಸ್ಕರಿಸುವವರ ಶ್ರದ್ಧೆ ನಮ್ಮ ಲೇಖನಗಳ ಮೇಲೆ ನಿಂತಿಲ್ಲ. ಹುಸಿ ಹೇತುವಿನಿಂದ ಕಟ್ಟಿದ ಲೇಖನವನ್ನು ಇನ್ನೊಬ್ಬರು ಒಡೆದಾಗ ಮಾತ್ರ ಐತಿಹ್ಯಕ್ಕೇ ಪೆಟ್ಟುಬಿದ್ದಂತೆ ಕಾಣುತ್ತದೆ. ಆ ಅಪವಾದವನ್ನು ಐತಿಹ್ಯದ ತಲೆಗೆ ತರುವವರು ಲೇಖಕರೇ.

ಎರಡನೆಯ ಪ್ರತಿಜ್ಞೆಯ ಮೇಲೆ ನಾನೇ ಒಂದು ಲೇಖನವನ್ನು ಯೋಜಿಸಿದ್ದೇನೆ. ಯೋಜನೆ ಒಂದೇ ಹಾಳೆಯದು. ನೆತ್ತಿಯಲ್ಲಿ ಪ್ರತಿಜ್ಞಾವಾಕ್ಯ, ಎಡಗಡೆ ಹೇತುಗಳು, ಒಂದೊಂದಕ್ಕೂ ಆಕರದ ಕಾಲ ಮತ್ತು ಪುಟ, ಬಲಗಡೆ ಆ ಹೇತುವನ್ನು ಕೆಡಿಸಬಲ್ಲ ಆಕ್ಷೇಪ. ಎಡಗಡೆ ವಡ್ಡಾರಾಧನೆಯ ಸಂಪ್ರತಿ ಚಂದ್ರಗುಪ್ತನನ್ನೂ ಹರಿಷೇಣನ ವಿಶಾಖಾಚಾರ್ಯನನ್ನೂ ಬರೆದು ತಿಂಗಳುಗಳಾದವು. ಬಲಗಡೆ ವಡ್ಡಾರಾಧನೆಯ ಎದುರಿಗೆ ಬರೆದಿರುವ ಆಕ್ಷೇಪ ಹೀಗಿದೆ: ಸಂಪ್ರತಿಯೆಂಬ ಮಾತು ಮೂಲದಲ್ಲಿಯೇ ಇದ್ದಿತೋ, ಶ್ವೇತಾಂಬರ ಕಥೆಗಳ ಸಂಪ್ರತಿರಾಜನನ್ನು ಬಲ್ಲ ಲಿಪಿಕಾರನೊಬ್ಬ ಸೇರಿಸಿದುದೋ? ಇದಕ್ಕೆ ಉತ್ತರ ಅಚ್ಚಾದ ಪುಸ್ತಕದಿಂದ ದೊರೆಯುವುದಿಲ್ಲ. ದೊರೆತಿರುವ ಓಲೆಪ್ರತಿಗಳ ಆ ಗರಿಗಳನ್ನು ಒಂದೊಂದಾಗಿ ನೋಡಬೇಕು. ಅದು ಮುಗಿಯುವ ತನಕ ಲೇಖನದ ಮೊದಲ ವಾಕ್ಯವನ್ನು ಬರೆಯದೆ ಇಟ್ಟಿದ್ದೇನೆ.